ಊರಿನ ಹಿರಿಯ ಹೋರಾಟಗಾರರ ಹೆಸರನ್ನು ಪದ್ಮ ಪ್ರಶಸ್ತಿಗೆ ಸೂಚಿಸುವ ಬಗೆ

ಗೇಣಿ ರೈತರು ಜಮೀನುದಾರರ ವಿರುದ್ಧ ಹೂಡಿದ 1951ರ ಕಾಗೋಡು ಸತ್ಯಾಗ್ರಹ ನಡೆದ ಸಾಗರ ತಾಲ್ಲೂಕಿನಲ್ಲಿ, ಗೇಣಿದಾರರ ಹಕ್ಕಿಗಾಗಿ ದುಡಿದವರೂ ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಸೆರೆಮನೆ ಕಂಡವರೂ ಪ್ರಶಸ್ತಿಯ ಗೊಡವೆಯಿಲ್ಲದೆ ಮುಪ್ಪಾಗಿದ್ದಾರೆ. ಅಂಥವರ ಹೆಸರನ್ನು 1954ರಲ್ಲಿ ಆರಂಭವಾದ ಪದ್ಮ ಪ್ರಶಸ್ತಿಗೆ ಯಾವ ನಾಗರಿಕರಾದರೂ ಸೂಚಿಸಬಹುದು. ಮರಣೋತ್ತರವಾಗಿ ಈ ಗೌರವ ಸಲ್ಲುವುದು ಅಪರೂಪವಾದ್ದರಿಂದ, ಮುಂದಿನ ವರ್ಷ ನೋಡೋಣವೆಂದು ಕೆಲಸವನ್ನು ಮುಂದೂಡಬಾರದು. ವೈದ್ಯರು ಮತ್ತು ವಿಜ್ಞಾನಿಗಳನ್ನು ಬಿಟ್ಟರೆ, ಸೇವೆಯಲ್ಲಿರುವ ಉಳಿದ ಸರ್ಕಾರಿ ನೌಕರರು ಇದಕ್ಕೆ ಅರ್ಹರಲ್ಲ.

ನಾಮನಿರ್ದೇಶನವನ್ನು ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿಯೇ ಸಲ್ಲಿಸಬೇಕು. 2026ರ ಪ್ರಶಸ್ತಿಗೆ 2025ರ ಮಾರ್ಚ್ 15ರಿಂದ ಜುಲೈ 31ರವರೆಗೆ ಅವಕಾಶವೆಂದು ಮೊದಲು ಪ್ರಕಟಿಸಲಾಗಿತ್ತು. ಅವಧಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪ್ರಕಟಣೆಯನ್ನು ನೋಡಿಕೊಳ್ಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವುದು ಮಾಮೂಲಾದ್ದರಿಂದ, ಕೊನೆಯ ವಾರದವರೆಗೆ ಕಾಯದಿರುವುದು ಕ್ಷೇಮ.

ನಿಜವಾದ ಶ್ರಮವಿರುವುದು ಆ ಹಿರಿಯರ ಸಾಧನೆಯ ವಿವರಣೆಯ ಬರವಣಿಗೆಯಲ್ಲಿ. ಅದಕ್ಕೆ ಹೆಚ್ಚೆಂದರೆ 800 ಪದಗಳ ಮಿತಿಯಿದೆ. 'ಧೀಮಂತ ನಾಯಕರು', 'ತ್ಯಾಗಮಯಿ' ಎಂಬ ಅಭಿನಂದನಾ ಪತ್ರದ ಮಾತುಗಳು ಯಾರಿಗಾದರೂ ಒಪ್ಪುವಂಥವು, ಆದ್ದರಿಂದಲೇ ಅವು ಯಾರನ್ನೂ ಪರಿಚಯಿಸುವುದಿಲ್ಲ. ಅದರ ಬದಲು ಅವರು ಯಾವ ವರ್ಷ, ಯಾವ ಊರಿನಲ್ಲಿ, ಯಾರ ಪರವಾಗಿ, ಏನು ಮಾಡಿದರು, ಅದರಿಂದ ಏನು ಬದಲಾಯಿತು ಎಂಬುದನ್ನು ಬರೆಯಬೇಕು. ಉದಾಹರಣೆಗೆ, ಉಳುವವರಿಗೇ ಜಮೀನಿನ ಹಕ್ಕು ಕೊಟ್ಟ 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಓದುಬರಹ ಬಾರದ ಗೇಣಿದಾರರಿಗೆ ಅವರು ಡಿಕ್ಲರೇಷನ್, ಅಂದರೆ ಆ ಹಕ್ಕು ಕೋರುವ ಅರ್ಜಿ, ಬರೆದುಕೊಟ್ಟಿದ್ದರೆ, ಎಷ್ಟು ಕುಟುಂಬಗಳಿಗೆ ಬರೆದುಕೊಟ್ಟರು, ಭೂ ನ್ಯಾಯಮಂಡಳಿಯ ಮುಂದೆ ಎಷ್ಟು ಮಂದಿಗೆ ಜಮೀನು ಉಳಿಯಿತು ಎಂದು ಹೇಳುವ ಒಂದು ಸಾಲು ಒಂದು ಪುಟದ ಹೊಗಳಿಕೆಗಿಂತ ತೂಕದ್ದು. ಆ ಸಂಖ್ಯೆಯನ್ನು ಅಂದಾಜಿನಿಂದ ಬರೆಯದೆ, ನ್ಯಾಯಮಂಡಳಿಯ ಆದೇಶದ ಪ್ರತಿ, ಪಹಣಿ, ಬಂಧನದ ದಾಖಲೆ, ಹಳೆಯ ಪತ್ರಿಕೆಯ ತುಣುಕು, ಇವುಗಳಿಂದ ಖಚಿತಪಡಿಸಿಕೊಳ್ಳಬೇಕು. ಅಟ್ಟದ ಮೇಲಿನ ಟ್ರಂಕಿನಲ್ಲಿ ಗೆದ್ದಲು ಹಿಡಿಯುವ ಮೊದಲು ಈ ಕಾಗದಗಳು ಸಿಕ್ಕರೆ ಅದೇ ದೊಡ್ಡ ಲಾಭ, ಪ್ರಶಸ್ತಿಯ ಮಾತು ಬೇರೆ.

ಸಂಪುಟ ಕಾರ್ಯದರ್ಶಿಯವರ ಅಧ್ಯಕ್ಷತೆಯ ಸಮಿತಿ ಹೆಸರುಗಳನ್ನು ಪರಿಶೀಲಿಸುತ್ತದೆ. ಗೌರವದೊಂದಿಗೆ ಹಣ ಬರುವುದಿಲ್ಲ. ಅದು ಬಿರುದೂ ಅಲ್ಲವಾದ್ದರಿಂದ ಹೆಸರಿನ ಹಿಂದೆ ಮುಂದೆ ಸೇರಿಸುವಂತಿಲ್ಲ. ಮನೆಯವರಿಗೆ ಇದನ್ನು ಮೊದಲೇ ತಿಳಿಸಬೇಕು.

ಸಲ್ಲಿಸುವ ಮುನ್ನ ಬರೆದದ್ದನ್ನು ಆ ಹಿರಿಯರೊಡನೆ ಹೋರಾಟದಲ್ಲಿದ್ದ ಒಬ್ಬರ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿ ಹೇಳಿ, 'ಆ ದಿನ ನಾವು ನಾಲ್ವರಿದ್ದೆವು' ಎಂದು ಅವರು ತಿದ್ದಿದರೆ ಆ ಉಳಿದವರ ಪಾಲನ್ನೂ ವಿವರಣೆಯಲ್ಲಿ ಸೇರಿಸಬೇಕು.