ಕರದಂಟಿಗೆ ಕಿತ್ತುಬಂದ ಸಿಮೆಂಟು

ಗೋವಾ ಎಕ್ಸ್‌ಪ್ರೆಸ್ ಮನಮಾಡ ದಾಟಿತ್ತು. ಎದುರು ಸೀಟಿನ ಆಯಿ ಡಬ್ಬಿ ಬಿಚ್ಚಿ, "ಒಂದ್ ತಗೋರಿ ಸರ, ಗೋಕಾಕದಿಂದ ತರಿಸೇನಿ" ಅಂದರು. ಕರದಂಟು ಬೇಡ ಅನ್ನುವ ಬೆಳಗಾವಿಯವನು ಇನ್ನೂ ಹುಟ್ಟಿಲ್ಲ. ಎರಡು ಸಲ ಅಗಿದೆ, ಎಡಗಡೆ ಕೆಳದವಡೆಯಿಂದ ಏನೋ ಕಳಚಿಕೊಂಡು ಬಂತು. ನಾಲಿಗೆ ಆಡಿಸಿದರೆ ಹಲ್ಲಿನ ನಡುವೆ ಬಾವಿ.

ತಪ್ಪು ಕರದಂಟಿನದ್ದಲ್ಲ. ಹೊರಡುವ ನಾಲ್ಕು ದಿನ ಮೊದಲು ರೂಟ್ ಕೆನಾಲ್ ಶುರು ಮಾಡಿಸಿ, ಒಂದೇ ಸಿಟ್ಟಿಂಗಿಗೆ ತಾತ್ಕಾಲಿಕ ಸಿಮೆಂಟು ತುಂಬಿಸಿಕೊಂಡು ರೈಲು ಹತ್ತಿದ್ದೆ. "ಅರ್ಧಕ್ಕೆ ಬಿಟ್ಟು ಹೋಗಬ್ಯಾಡ್ರಿ" ಎಂದು ಡಾಕ್ಟರು ಹೇಳಿದ್ದರು. ನಲವತ್ತು ಜನರನ್ನು ಚಾರ್‌ಧಾಮಕ್ಕೆ ಕರೆದೊಯ್ಯುವವನು ನಾನು, ಎಲ್ಲರ ಬಿಪಿ ಮಾತ್ರೆಯ ಲೆಕ್ಕ ನನ್ನ ಡೈರಿಯಲ್ಲಿರುತ್ತದೆ. ನನ್ನ ಹಲ್ಲಿನ ಲೆಕ್ಕ ಮಾತ್ರ ಇರಲಿಲ್ಲ.

ಹರಿದ್ವಾರದವರೆಗೆ ಹೇಗೋ ನಡೆಯಿತು. ಗುಪ್ತಕಾಶಿಯ ಲಾಡ್ಜಿನಲ್ಲಿ ರಾತ್ರಿ ಹನ್ನೊಂದಕ್ಕೆ ನೋವು ಎದ್ದಿತು. ಮಲಗಿದರೆ ಹಲ್ಲಿನೊಳಗೆ ಡೊಳ್ಳು ಬಾರಿಸಿದ ಹಾಗೆ, ಎದ್ದು ಕೂತರೆ ತುಸು ಕಡಿಮೆ. ಎರಡು ದಿಂಬು ಬೆನ್ನಿಗೆ ಕೊಟ್ಟು ಒರಗಿಕೊಂಡೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದೆ, ಕುಳಿಯಲ್ಲಿ ಸಿಕ್ಕಿದ್ದ ಅನ್ನದಗುಳು ಹೊರಬಂತು. ಅಲ್ಲಿಯವರೆಗೆ ಸರಿ. ಆಮೇಲೆ ಲವಂಗದೆಣ್ಣೆಯನ್ನು ಬೆರಳಲ್ಲಿ ಅದ್ದಿ ವಸಡಿಗೆ ತಿಕ್ಕಿದೆ. ವಸಡು ಸುಟ್ಟು ಬೆಳ್ಳಗಾಯಿತು. ಅದನ್ನು ಹಚ್ಚುವ ಕ್ರಮ ಗೊತ್ತಾದದ್ದು ಆಮೇಲೆ: ಅಕ್ಕಿಕಾಳಿನಷ್ಟು ಹತ್ತಿ, ಅದಕ್ಕೆ ಒಂದೇ ಹನಿ, ಅದೂ ಕುಳಿಯ ಒಳಗೆ ಮಾತ್ರ. ನೋವಿನ ಮಾತ್ರೆಯನ್ನು ಪುಡಿಮಾಡಿ ಹಲ್ಲಿನ ಪಕ್ಕ ಇಟ್ಟುಕೊಳ್ಳುವವರೂ ಇದ್ದಾರೆ. ಅದೂ ಹೀಗೇ ಸುಡುತ್ತದೆ, ಮಾತ್ರೆ ಇರುವುದು ನುಂಗುವುದಕ್ಕೆ.

ಊಟದ ಮೇಲೆ ಐಬುಪ್ರೊಫೇನ್ 400 ಮಿ.ಗ್ರಾಂ, ಜೊತೆಗೆ ಒಂದು ಪ್ಯಾರಾಸಿಟಮಾಲ್ ನುಂಗಿ ಬೆಳಗು ಮಾಡಿದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಐಬುಪ್ರೊಫೇನ್ ಮುಟ್ಟಬಾರದು, ನನಗೆ ಅವ್ಯಾವೂ ಇಲ್ಲ. ಬೆಳಿಗ್ಗೆ ಮೆಡಿಕಲ್ ಅಂಗಡಿಯವನು ಕೇಳದೆಯೇ ಆಂಟಿಬಯಾಟಿಕ್ ಸ್ಟ್ರಿಪ್ ಮುಂದೆ ಮಾಡಿದ. ತೆಗೆದುಕೊಳ್ಳಲಿಲ್ಲ. ನರ ಸತ್ತ ಹಲ್ಲಿನೊಳಗೆ ರಕ್ತವೇ ಹರಿಯದಿರುವಾಗ ಔಷಧಿ ಅಲ್ಲಿಗೆ ಹೇಗೆ ಮುಟ್ಟೀತು? ಒಳಗನ್ನು ಸ್ವಚ್ಛ ಮಾಡಲೇಬೇಕು.

ಜನರನ್ನು ನನ್ನ ಜೊತೆಗಾರನಿಗೆ ಒಪ್ಪಿಸಿ, ಶೇರ್ ಜೀಪ್ ಹಿಡಿದು ಸುಮಾರು 45 ಕಿ.ಮೀ. ಕೆಳಗಿನ ರುದ್ರಪ್ರಯಾಗಕ್ಕೆ ಇಳಿದೆ. ಅಲ್ಲಿನ ದಂತವೈದ್ಯರು ಹಲ್ಲು ತೊಳೆದು ಔಷಧಿ ಇಟ್ಟು ಮುಚ್ಚಿದರು. ಕೇದಾರನಾಥ 3,583 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಮುಚ್ಚಿದ ಹಲ್ಲಿನೊಳಗೆ ಗಾಳಿ ಸಿಕ್ಕಿದ್ದರೆ ಮೇಲೇರಿದಂತೆ ಹಿಗ್ಗಿ ಒಳಗಿನಿಂದ ಒತ್ತಿ ನೋಯಿಸುತ್ತದೆ. ವಿಮಾನದಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಹಲ್ಲು ನೋಯುವುದೂ ಇದಕ್ಕೇ. "ಹೋಗಬೇಡಿ" ಅಂದರು. ಈ ಸಲ ಡಾಕ್ಟರ ಮಾತು ಕೇಳಿದೆ. ಯಾತ್ರಿಗಳು ಗೌರಿಕುಂಡದಿಂದ ಮೇಲೇರುವಾಗ ನಾನು ಊಖೀಮಠದಲ್ಲಿ ಕೂತಿದ್ದೆ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ಅಲ್ಲೇ ನಡೆಯುತ್ತದೆ, ಅಲ್ಲಿನ ರಾವಲರು, ಅಂದರೆ ಮುಖ್ಯ ಅರ್ಚಕರು, ಪರಂಪರೆಯಿಂದ ನಮ್ಮ ಕಡೆಯ ವೀರಶೈವ ಜಂಗಮರು. ಶಿವ ಸಿಗದಿದ್ದರೂ ಊರಿನ ನಂಟು ಸಿಕ್ಕಿತು ಎಂದು ಸಮಾಧಾನ ಮಾಡಿಕೊಂಡೆ.

ಆಮೇಲಿಂದ ನಮ್ಮ ಯಾತ್ರೆಯ ಪಟ್ಟಿಗೆ ಹಲ್ಲೂ ಸೇರಿತು. ಹೊರಡುವ ಆರು ವಾರ ಮೊದಲೇ ಎಲ್ಲರಿಗೂ ಹೇಳುತ್ತೇನೆ: ತೋರಿಸಿಕೊಂಡು ಬರ್ರಿ, ರೂಟ್ ಕೆನಾಲ್ ಬೇಕಾದರೆ ಕ್ಯಾಪ್ ಕೂರುವ ತನಕ ಮುಗಿಸ್ರಿ. ನನ್ನ ಚೀಲದಲ್ಲಿ ತಾತ್ಕಾಲಿಕ ಫಿಲ್ಲಿಂಗ್ ಪೇಸ್ಟಿನ ಸಣ್ಣ ಡಬ್ಬಿ ಇರುತ್ತದೆ. ಕಳಚಿದ ಕ್ಯಾಪನ್ನು ಅದರಿಂದ ಎರಡು ದಿನ ನಿಲ್ಲಿಸಬಹುದು. ಒಬ್ಬ ಕಾಕಾ ಫೆವಿಕ್ವಿಕ್ ಹಚ್ಚಲು ಹೊರಟಿದ್ದರು, ಟ್ಯೂಬು ಕಸಿದುಕೊಂಡೆ.

ಹಲ್ಲಿನ ಸೆಟ್ಟಿನ ಕಥೆಯೇ ಬೇರೆ. ಹರ್ ಕಿ ಪೌಡಿಯಲ್ಲಿ ಸರಪಳಿ ಹಿಡಿದು ಮುಳುಗೆದ್ದ ಅಜ್ಜ ಬಾಯಿ ಮುಕ್ಕಳಿಸಿ ಉಗುಳಿದರು, ನೀರಿನ ಜೊತೆ ಮೇಲಿನ ಸೆಟ್ಟೂ ಗಂಗೆ ಪಾಲು. ಒಂಬತ್ತು ದಿನ ಖಿಚಡಿ, ಮೊಸರು. ಇನ್ನೊಂದು ಸೆಟ್ಟು ರೈಲಿನಲ್ಲಿ ಪೇಪರ್ ನ್ಯಾಪ್‌ಕಿನ್ನಿನಲ್ಲಿ ಸುತ್ತಿಟ್ಟದ್ದು ಕಸದ ಚೀಲಕ್ಕೆ ಹೋಯಿತು. ಈಗ ಸ್ನಾನಕ್ಕೆ ಇಳಿಯುವ ಮೊದಲು ಸೆಟ್ಟು ಸ್ಟೀಲ್ ಡಬ್ಬಿಗೆ, ಡಬ್ಬಿಯಲ್ಲಿ ತಣ್ಣೀರು, ಮೇಲೆ ಹೆಸರಿನ ಚೀಟಿ. ಬಿಸಿನೀರು ಹಾಕಿದರೆ ಸೆಟ್ಟು ಸೊಟ್ಟಗಾಗುತ್ತದೆ.

ಋಷಿಕೇಶದಲ್ಲಿ ಹನ್ನೊಂದು ವರ್ಷದ ಹುಡುಗ ಬಸ್ಸಿನ ಮೆಟ್ಟಿಲಲ್ಲಿ ಜಾರಿ ಮುಂದಿನ ಹಲ್ಲು ಬುಡಸಮೇತ ಕಳೆದುಕೊಂಡ. ಬೇರು ಮುಟ್ಟದೆ, ಕಚ್ಚುವ ತುದಿ ಹಿಡಿದು ಹಲ್ಲನ್ನು ಎತ್ತಿಕೊಂಡೆ. ಕೂಡಲೇ ಕುಳಿಗೆ ಕೂರಿಸುವುದು ಎಲ್ಲಕ್ಕಿಂತ ಒಳ್ಳೆಯದು, ಆದರೆ ಹುಡುಗ ಬಾಯಿ ತೆರೆಯಲೊಲ್ಲ. ಪ್ಯಾಕೆಟ್ಟಿನ ತಣ್ಣನೆ ಹಾಲಿನಲ್ಲಿ ಮುಳುಗಿಸಿ ಓಡಿದೆವು, ತಾಸಿನೊಳಗೆ ವೈದ್ಯರು ಕೂರಿಸಿ ಪಕ್ಕದ ಹಲ್ಲಿಗೆ ಕಟ್ಟಿದರು. ಹಾಲುಹಲ್ಲಾಗಿದ್ದರೆ ಮತ್ತೆ ಕೂರಿಸುತ್ತಿರಲಿಲ್ಲ. ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಮಾತ್ರ ನಾನು ದಂತವೈದ್ಯರನ್ನು ಹುಡುಕುತ್ತ ಕೂರುವುದಿಲ್ಲ, ನೇರ ದೊಡ್ಡಾಸ್ಪತ್ರೆಗೆ.

ಈ ಸಲ ಬುಕಿಂಗಿಗೆ ಬಂದ ಅಜ್ಜಿಯೊಬ್ಬರು ಫಾರ್ಮ್ ನೋಡಿ, "ಹಲ್ಲ ಎಣಿಸಿ ಸೀಟ್ ಕೊಡ್ತೀರೇನ್ರಿ?" ಎಂದು ಕೇಳಿದರು. "ಹೌದ್ರಿ ಅಜ್ಜಿ" ಅಂದೆ. ಅಲ್ಲೇ ಸೆಟ್ಟು ತೆಗೆದು ಕೈಗಿಟ್ಟು, "ಎಣಿಸ್ಕೋ" ಅಂದರು.