ಕ್ಯಾಸೆಟ್ಟು ನುಂಗಿದ ಒಂದೂಮುಕ್ಕಾಲು ನಿಮಿಷ

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಒಂದು ತಪ್ಪು ವಾದವನ್ನು ಎದೆಯುಬ್ಬಿಸಿ ಮಂಡಿಸಿದ್ದೇನೆ. ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ತಂಡದ ‘ಮೆಡಲ್’ ಒಳ್ಳೆಯ ಆಲ್ಬಂ ಹೌದು, ಆದರೆ ಅದರ ಎರಡನೆಯ ಮಗ್ಗುಲನ್ನು ಇಡಿಯಾಗಿ ಆವರಿಸಿರುವ ‘ಎಕೋಸ್’ಗೆ ಮುಕ್ತಾಯವೇ ಇಲ್ಲ. ಹಾಡು ನಡುದಾರಿಯಲ್ಲಿ ಕೈ ಬಿಡುತ್ತದೆ. 1971ರ ಹೊತ್ತಿಗೆ ಈ ನಾಲ್ವರಿಗೆ ಶುರು ಮಾಡುವುದು ಗೊತ್ತಿತ್ತು, ಮುಗಿಸುವುದು ಗೊತ್ತಿರಲಿಲ್ಲ. ಇದು ನನ್ನ ವಾದ. ಗೆಳೆಯರು ನನ್ನ ಮುಖವನ್ನು ವಿಚಿತ್ರವಾಗಿ ನೋಡುತ್ತಿದ್ದರು. ಅವರಿಗೆ ಸೂಕ್ಷ್ಮ ಸಾಲದು ಎಂದುಕೊಂಡು ನಾನು ಇನ್ನಷ್ಟು ಜೋರಾಗಿ ಹೇಳುತ್ತಿದ್ದೆ.

1990ರ ದಶಕದ ಆರಂಭದಲ್ಲಿ ಶಿರಸಿಯ ಕಡೆಯಿಂದ ಬೆಂಗಳೂರಿಗೆ ಓದಲು ಬಂದ ನನಗೆ ಈ ಸಂಗೀತ ಸಿಕ್ಕಿದ್ದು ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟುಗಳಲ್ಲಿ. ಯಾರದೋ ಎಲ್‌ಪಿಯಿಂದ, ಅಂದರೆ ಗ್ರಾಮಫೋನ್ ತಟ್ಟೆಯಿಂದ, ದುಡ್ಡಿಗೆ ರೆಕಾರ್ಡ್ ಮಾಡಿಕೊಡುವ ಪುಟ್ಟ ಅಂಗಡಿಯೊಂದಿತ್ತು. ಕ್ಯಾಸೆಟ್ಟಿನ ಒಂದು ಕಡೆಗೆ ನಲವತ್ತೈದು ನಿಮಿಷ. ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಸುಮಾರು 43 ನಿಮಿಷ, ‘ವಿಷ್ ಯು ವರ್ ಹಿಯರ್’ ಸುಮಾರು 44. ಒಂದೇ ಕ್ಯಾಸೆಟ್ಟಿನ ಬೆನ್ನಿಗೂ ಹೊಟ್ಟೆಗೂ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತಿದ್ದವು. ‘ಮೆಡಲ್’ ಮಾತ್ರ 46 ಮುಕ್ಕಾಲು ನಿಮಿಷ. ಅಂಗಡಿಯವನು ಟೇಪು ಮುಗಿದಲ್ಲಿಗೆ ತನ್ನ ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡಿದ್ದ.

ಬಹಳ ತಡವಾಗಿ, ಗೆಳೆಯನೊಬ್ಬನ ಮನೆಯಲ್ಲಿ, ಎಲ್‌ಪಿಯ ಮೇಲೆ ನಾನು ‘ಎಕೋಸ್’ ಅನ್ನು ಮೊದಲ ಸಲ ಪೂರ್ತಿ ಕೇಳಿದೆ. ವಾದ್ಯಗಳೆಲ್ಲ ಹಿಂದೆ ಸರಿದ ಮೇಲೆ, ನನ್ನ ಲೆಕ್ಕದಲ್ಲಿ ‘ಟಕ್’ ಎಂದು ಗುಂಡಿ ಮೇಲೇಳಬೇಕಾದ ಜಾಗದಲ್ಲಿ, ಹಾಡು ನಿಲ್ಲಲಿಲ್ಲ. ಗಾಳಿಯೋ ಮನುಷ್ಯರ ಸಮೂಹಗಾನವೋ ತಿಳಿಯದ ಒಂದು ದನಿ ಕೆಳಗಿನಿಂದ ಏಳತೊಡಗಿತು. ಏರಿತು, ಮತ್ತೂ ಏರಿತು, ಏರುತ್ತಲೇ ಕರಗಿಹೋಯಿತು. ನಾನು ಕುರ್ಚಿಯ ಕೈ ಹಿಡಿದುಕೊಂಡು ಕುಳಿತಿದ್ದೆ. ಮುಕ್ತಾಯವಿಲ್ಲವೆಂದು ನಾನು ದೂರಿದ್ದ ಹಾಡಿಗೆ ಇಡೀ ತಂಡದ ಅತ್ಯುತ್ತಮ ಮುಕ್ತಾಯವಿತ್ತು. ಗೆಳೆಯ ಏನೂ ಹೇಳಲಿಲ್ಲ. ಕಾಫಿ ತರಲು ಎದ್ದು ಹೋದ. ಅಡುಗೆಮನೆಯಲ್ಲಿ ಅವನು ನಕ್ಕದ್ದು ಕೇಳಿಸಿತು.

ನಮ್ಮ ಜಗಳಗಳನ್ನು ಬೇರೆ ರೀತಿಯಲ್ಲಿ ಆಡಬೇಕು ಎಂದು ನನಗೆ ಅನ್ನಿಸಿದ್ದು ಆ ಸಂಜೆ.

ನಾವು ಐದು ಜನ. ಬ್ಯಾಂಕಿನಲ್ಲಿರುವವನೊಬ್ಬ, ಮೃದಂಗ ಕಲಿತು ಅರ್ಧಕ್ಕೆ ಬಿಟ್ಟವನೊಬ್ಬ, ಎಲ್‌ಪಿಗಳ ಒಡೆಯ, ನಾನು, ಮತ್ತು ಕೊನೆಗೆ ಬಂದು ಸೇರಿದ, ನಮ್ಮೆಲ್ಲರ ಅರ್ಧ ವಯಸ್ಸಿನ ಸಹೋದ್ಯೋಗಿ. ಅವಳು ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದವಳೇ ಅಲ್ಲ. 2002ರಲ್ಲಿ, ತಂಡ ಬಿಟ್ಟು ಹೋಗಿದ್ದ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾವು ನಾಲ್ವರು ಹಳಬರು ಒಟ್ಟಿಗೆ ಹೋಗಿದ್ದೆವು. ಬರುವಾಗ ಒಂದೇ ಆಟೋದಲ್ಲಿ ತುಂಬಿಕೊಂಡು, ವಾಟರ್ಸ್ ಇಲ್ಲದ ಫ್ಲಾಯ್ಡ್ ದೊಡ್ಡದೋ, ಗಿಟಾರಿನ ಗಿಲ್ಮೋರ್ ಇಲ್ಲದ ವಾಟರ್ಸ್ ದೊಡ್ಡವನೋ ಎಂದು ಮನೆ ಮುಟ್ಟುವವರೆಗೂ ಕಿತ್ತಾಡಿದ್ದೆವು. ಜೀವನದಲ್ಲಿ ಒಮ್ಮೆ ಸಿಕ್ಕ ಸಂಜೆಯನ್ನು ಹಾಗೆ ಮುಗಿಸಿದವರು ನಾವು.

ಮೊದಲು ಅಂಕಗಳ ವ್ಯವಸ್ಥೆ ಮಾಡಿದೆವು, ಹತ್ತಕ್ಕೆ ಇಷ್ಟು ಎಂದು. ಬ್ಯಾಂಕಿನವನು ಎಲ್ಲಕ್ಕೂ ಒಂಬತ್ತು ಕೊಟ್ಟ. ಮೃದಂಗದವನಿಗೆ ಆರು ಎಂದರೆ ಅಪಾರ ಪ್ರೀತಿ. ಕೂಡಿಸಿ ಭಾಗಿಸಿದಾಗ ಬಂದ ಸಂಖ್ಯೆ ಯಾರ ಅಭಿಪ್ರಾಯವೂ ಆಗಿರಲಿಲ್ಲ. ಆಮೇಲೆ ಕುಸ್ತಿಯ ಜೋಡಿಗಳ ಹಾಗೆ ಎರಡೆರಡು ಆಲ್ಬಂಗಳನ್ನು ಎದುರುಬದುರು ನಿಲ್ಲಿಸಿ ಕೈ ಎತ್ತಿಸಿದೆವು. ‘ಡಾರ್ಕ್ ಸೈಡ್’ ಮೂರಕ್ಕೆ ಎರಡರಿಂದ ‘ಆನಿಮಲ್ಸ್’ ಅನ್ನು ಸೋಲಿಸಿತು. ‘ಆನಿಮಲ್ಸ್’ ಅದೇ ಅಂತರದಲ್ಲಿ ‘ವಿಷ್ ಯು ವರ್ ಹಿಯರ್’ ಅನ್ನು ಕೆಡವಿತು. ಆ ‘ವಿಷ್ ಯು ವರ್ ಹಿಯರ್’ ಎದ್ದು ಬಂದು ‘ಡಾರ್ಕ್ ಸೈಡ್’ನ ಬೆನ್ನು ನೆಲಕ್ಕೆ ಮುಟ್ಟಿಸಿತು. ಯಾರೂ ಮೋಸ ಮಾಡಿರಲಿಲ್ಲ. ಬಹುಮತ ಹೀಗೆ ತನ್ನ ಬಾಲವನ್ನು ತಾನೇ ಕಚ್ಚಬಲ್ಲದು ಎಂಬುದನ್ನು ಕೊಂಡೊರ್ಸೆ ಎಂಬ ಫ್ರೆಂಚ್ ಗಣಿತಜ್ಞ ಹದಿನೆಂಟನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದಾನೆ. ನಮಗೆ ಅದು ತಿಳಿಯಲು ಮೂರು ಶನಿವಾರ ಹಿಡಿಯಿತು.

ದಾರಿ ಹೊಳೆದದ್ದು ಊರಿನಲ್ಲಿ. ಮಳೆಗಾಲದ ಒಂದು ರಾತ್ರಿ ತಾಳಮದ್ದಲೆಗೆ ಹೋಗಿದ್ದೆ. ಪ್ರಸಂಗ ವಾಲಿವಧೆ. ಹಿಂದಿನ ವರ್ಷ ರಾಮನ ಅರ್ಥ ಹೇಳಿದ್ದ, ಎಂದರೆ ರಾಮನಾಗಿ ಮಾತಾಡಿದ್ದ, ಅರ್ಥಧಾರಿ ಈ ಸಲ ವಾಲಿಯಾಗಿ ಕುಳಿತು, ಮರೆಯಲ್ಲಿ ನಿಂತು ಬಾಣ ಬಿಟ್ಟವನಿಗೆ ಧರ್ಮದ ಮಾತು ಎಲ್ಲಿಂದ ಬಂತು ಎಂದು ತನ್ನದೇ ಹೋದ ವರ್ಷದ ಮಾತುಗಳನ್ನು ಸೀಳಿ ಹಾಕುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಮಾತೊಂದೇ. ಅವರ ಮನಸ್ಸಿನಲ್ಲಿ ರಾಮ ಸರಿಯೋ ವಾಲಿ ಸರಿಯೋ ಎಂದು ಕೇಳುವುದು ಅಲ್ಲಿ ಅಸಂಬದ್ಧ. ಪಾತ್ರಕ್ಕೆ ನ್ಯಾಯ ಸಿಕ್ಕಿತೇ ಎಂಬುದಷ್ಟೇ ಪ್ರಶ್ನೆ.

ಬೆಂಗಳೂರಿಗೆ ಬಂದವನೇ ಚೀಟಿ ಬರೆದೆ. ತಂಡದ ಹದಿನೈದು ಸ್ಟುಡಿಯೋ ಆಲ್ಬಂಗಳು, 1967ರ ಮೊದಲನೆಯದರಿಂದ 2014ರ ಕೊನೆಯದರವರೆಗೆ. ಯಾರಿಗೆ ಯಾವುದು ಬರುತ್ತದೋ ಅದರ ಅರ್ಥ ಅವರೇ ಹೇಳಬೇಕು. ತನಗೆ ಪ್ರಿಯವಾದದ್ದು ಬಂದರೆ ಚೀಟಿ ವಾಪಸು. ತಯಾರಿಗೆ ಒಂದು ವಾರ. ಶನಿವಾರ ಸಂಜೆ ಮೊಬೈಲುಗಳೆಲ್ಲ ಅಕ್ಕಿ ಡಬ್ಬಿಯ ಪಕ್ಕದಲ್ಲಿ. ಆಲ್ಬಂ ಮೊದಲಿನಿಂದ ಕೊನೆಯವರೆಗೆ ನಡೆಯುತ್ತದೆ, ಯಾರೂ ಮಾತಾಡುವಂತಿಲ್ಲ, ಎಲ್‌ಪಿ ತಿರುಗಿಸಬೇಕಾದಲ್ಲಿ ಎದ್ದು ತಿರುಗಿಸಬೇಕು. ಆಮೇಲೆ ಅರ್ಧ ಗಂಟೆ ಅರ್ಥಗಾರಿಕೆ, ಅದಕ್ಕೆ ಎದುರು ಮಾತು. ‘ಸರ್ವಶ್ರೇಷ್ಠ’, ‘ಕಾಲಾತೀತ’, ‘ನಮ್ಮ ಕಾಲೇಜು ದಿನಗಳಲ್ಲಿ’ ಎಂಬ ಮೂರು ಮಾತುಗಳಿಗೆ ನಿಷೇಧ. ಮೂರನೆಯದನ್ನು ನಿಷೇಧಿಸಿದ್ದರಿಂದ ನಮ್ಮ ಅರ್ಧ ಸರಕು ಮೊದಲ ದಿನವೇ ಖಾಲಿಯಾಯಿತು.

ಎದ್ದು ತಿರುಗಿಸುವ ನಿಯಮ ಬೇಡವೆಂದು ಬ್ಯಾಂಕಿನವನು ಗೊಣಗಿದ್ದ. ‘ಡಾರ್ಕ್ ಸೈಡ್’ನ ದಿನ ತೆಪ್ಪಗಾದ. ಮೊದಲ ಮಗ್ಗುಲು ಮುಗಿಯುವುದು ಗಾಯಕಿ ಕ್ಲೇರ್ ಟೋರಿಯ ಕಂಠದಲ್ಲಿ. ಪದಗಳಿಲ್ಲದ ಆ ಕೂಗು ಅಳುವಾಗಿ, ಸಮಾಧಾನವಾಗಿ, ಉಸಿರಾಗಿ ಇಳಿಯುತ್ತದೆ. 1973ರಲ್ಲಿ ಅದರ ನಂತರ ಇದ್ದದ್ದು ಮೌನ. ಯಾರಾದರೂ ಎದ್ದು, ತಟ್ಟೆಯನ್ನು ಮಗುಚಿ, ಮುಳ್ಳನ್ನು ಇಳಿಸುವಷ್ಟು ಹೊತ್ತು. ಸಿಡಿಯಲ್ಲಿ ಕೇಳಿದವರಿಗೆ ಆ ಉಸಿರಿನ ಬೆನ್ನಿಗೇ ‘ಮನಿ’ ಹಾಡಿನ ಚಿಲ್ಲರೆ ಕಾಸುಗಳು ಖಣಖಣ ಸುರಿಯುತ್ತವೆ. ಸಾವಿನ ಮನೆಯ ಬಾಗಿಲಲ್ಲೇ ಗಲ್ಲಾಪೆಟ್ಟಿಗೆ ಇಟ್ಟ ಹಾಗೆ. ಇದೂ ಒಂದು ಅರ್ಥವೇ, ಚೆನ್ನಾಗಿಯೇ ಇದೆ ಎಂದು ಕಿರಿಯಳು ಹೇಳಿದಳು. ಆದರೆ ಹತ್ತು ವರ್ಷ ಈ ಆಲ್ಬಂ ಬಗ್ಗೆ ಕಿತ್ತಾಡಿದವರಲ್ಲಿ ಅರ್ಧ ಜನ ಒಂದನ್ನೂ ಇನ್ನರ್ಧ ಇನ್ನೊಂದನ್ನೂ ಕೇಳಿದ್ದೆವು ಎಂಬುದು ಆಗ ಗೊತ್ತಾಯಿತು.

‘ಮನಿ’ಯ ಏಳು ಎಣಿಕೆಯ ನಡೆಗೆ ಮೃದಂಗದವನು ಮಿಶ್ರಛಾಪು ಎಂದು ತೊಡೆಯ ಮೇಲೆ ತಾಳ ಹಾಕುತ್ತ ಕುಳಿತಿದ್ದ. ಗಿಲ್ಮೋರ್‌ನ ಗಿಟಾರ್ ಬಂದೊಡನೆ ಲೆಕ್ಕ ನಾಲ್ಕಕ್ಕೆ ಇಳಿಯುತ್ತದೆ. ಅವನ ಕೈ ಗಾಳಿಯಲ್ಲೇ ಉಳಿಯಿತು. ‘ಇಷ್ಟು ವರ್ಷ ಈ ಜಾಗದಲ್ಲಿ ನಾನು ಏನು ಕೇಳುತ್ತಿದ್ದೆ?’ ಎಂದು ಆಮೇಲೆ ಕೇಳಿದ. ಯಾರ ಹತ್ತಿರವೂ ಉತ್ತರವಿರಲಿಲ್ಲ.

ನನಗೆ ಬಂದದ್ದು ‘ದಿ ಫೈನಲ್ ಕಟ್’. ದೇವರು ನಗುತ್ತಾನೆ ಎನ್ನುವುದು ಇದಕ್ಕೇ ಇರಬೇಕು. 1983ರ ಈ ಆಲ್ಬಂ ಅನ್ನು ನಾನು ವಾಟರ್ಸ್‌ನ ಸ್ವಂತ ಗೋಳು ಎಂದು ತಳ್ಳಿಹಾಕಿದ್ದವನು. ಕೀಬೋರ್ಡಿನ ರಿಕ್ ರೈಟ್ ಇಲ್ಲದ ಏಕೈಕ ಆಲ್ಬಂ ಇದು. ಗಿಲ್ಮೋರ್ ಮುಂದೆ ನಿಂತು ಹಾಡಿರುವುದು ಒಂದೇ ಒಂದು ಹಾಡು. ‘ದಿ ವಾಲ್’ಗೆ ಆಗದೆ ಉಳಿದ ಹಾಡುಗಳು ಈಗ ಹೇಗೆ ಆದಾವು ಎಂದು ಆತನೇ ಆಗ ಆಕ್ಷೇಪಿಸಿದ್ದ. ಹೊದಿಕೆಯ ಹಿಂಬದಿಯಲ್ಲಿ ಕೂಡ ರೋಜರ್ ವಾಟರ್ಸ್ ಬರೆದದ್ದು, ಪಿಂಕ್ ಫ್ಲಾಯ್ಡ್ ನುಡಿಸಿದ್ದು ಎಂಬ ಅರ್ಥದಲ್ಲಿ ಅಚ್ಚಾಗಿದೆ. ಎದುರಾಳಿಗೆ ಬೇಕಾದ ಆಯುಧಗಳೆಲ್ಲ ಸಿದ್ಧವಾಗಿದ್ದವು, ಹೆಚ್ಚಿನವು ನಾನೇ ಹರಿತ ಮಾಡಿಟ್ಟವು.

ವಾರವಿಡೀ ಬೆಳಗಿನ ನಡಿಗೆಯಲ್ಲಿ ಅದನ್ನೇ ಕೇಳಿದೆ. ವಾಟರ್ಸ್‌ನ ತಂದೆ 1944ರಲ್ಲಿ ಇಟಲಿಯ ಆಂಜಿಯೋದ ಯುದ್ಧದಲ್ಲಿ ಸತ್ತಾಗ ಮಗನಿಗೆ ಐದು ತಿಂಗಳು. ಈ ವಿವರ ನನಗೆ ಮೊದಲೂ ಗೊತ್ತಿತ್ತು, ಗೋಳಿಗೆ ಕಾರಣವೆಂದು ಪಕ್ಕಕ್ಕಿಟ್ಟಿದ್ದೆ. ಮೂರನೆಯ ದಿನ ಲಾಲ್‌ಬಾಗಿನ ಬಂಡೆಯ ಹತ್ತಿರ, ‘ದಿ ಗನ್ನರ್ಸ್ ಡ್ರೀಮ್’ನಲ್ಲಿ ವಾಟರ್ಸ್ ಒಂದು ಪದವನ್ನು ಹಿಡಿದು ಎಳೆಯುವಲ್ಲಿ, ಆ ದನಿ ಯಾವಾಗ ನಿಂತು ಸ್ಯಾಕ್ಸೊಫೋನ್ ಯಾವಾಗ ಶುರುವಾಯಿತು ಎಂದು ಹಿಡಿಯಲು ನೋಡಿದೆ. ಆಗಲಿಲ್ಲ. ಹಿಂದಕ್ಕೆ ಒತ್ತಿ ಮತ್ತೆ ಕೇಳಿದೆ, ಮತ್ತೆ. ಮನುಷ್ಯನ ಕೂಗು ತನ್ನಿಂದ ಇನ್ನು ಮುಂದಕ್ಕೆ ಹೋಗಲಾರೆ ಎಂದು ಕೊಳವೆಯೊಂದಕ್ಕೆ ಕೈ ಬದಲಿಸುತ್ತದೆ. ಶನಿವಾರ ನನ್ನ ಅರ್ಥಗಾರಿಕೆಯೆಲ್ಲ ಆ ಕೆಲವು ಕ್ಷಣಗಳ ಸುತ್ತ ನಿಂತಿತು. ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ಸ್ ಯುದ್ಧ ಮುಗಿದ ಮರುವರ್ಷ, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡವನು ಇನ್ನು ಯಾವ ತಂಡದ ಹೆಸರಿನಲ್ಲಿ ಇದನ್ನು ಹೇಳಬೇಕಿತ್ತು ಎಂದು ವಾಲಿಯ ಗತ್ತಿನಲ್ಲೇ ಕೇಳಿದೆ. ಎಲ್‌ಪಿಗಳ ಒಡೆಯ ಕೇಳಿದ್ದು ಒಂದೇ: ‘ಉಳಿದ ನಲವತ್ತು ನಿಮಿಷಕ್ಕೆ ಏನು ಹೇಳುತ್ತೀಯ?’ ಅಲ್ಲಿಗೆ ನಾನು ಸೋತೆ. ಆ ಆಲ್ಬಂ ಅನ್ನು ಇಂದಿಗೂ ತಂಡದ ಮೊದಲ ಐದರಲ್ಲಿ ಇಡಲಾರೆ. ಆದರೆ ಗೋಳು ಎಂಬ ಮಾತನ್ನು ಬಿಟ್ಟಿದ್ದೇನೆ.

ನನ್ನ ಪ್ರೀತಿಯ ‘ಆನಿಮಲ್ಸ್’ ಬ್ಯಾಂಕಿನವನ ಪಾಲಿಗೆ ಬಂತು. ಅವನು ಅದನ್ನು ನನಗಿಂತ ಚೆನ್ನಾಗಿ ಎತ್ತಿ ಹಿಡಿದದ್ದು ಇಂದಿಗೂ ಚುಚ್ಚುತ್ತದೆ. ಅದರ ಎರಡು ದೊಡ್ಡ ಹಾಡುಗಳು, ‘ಡಾಗ್ಸ್’ ಮತ್ತು ‘ಶೀಪ್’, 1974ರಲ್ಲೇ ಬೇರೆ ಹೆಸರುಗಳಲ್ಲಿ ವೇದಿಕೆಯ ಮೇಲೆ ನುಡಿಸಲ್ಪಟ್ಟಿದ್ದವು. ‘ವಿಷ್ ಯು ವರ್ ಹಿಯರ್’ಗೆ ಅವನ್ನೇ ಬಳಸೋಣವೆಂಬುದು ಗಿಲ್ಮೋರ್‌ನ ಇಚ್ಛೆ. ವಾಟರ್ಸ್ ಒಪ್ಪದೆ, ‘ಶೈನ್ ಆನ್’ ಎಂಬ ಉದ್ದನೆಯ ಹಾಡನ್ನು ಎರಡಾಗಿ ಸೀಳಿ ನಡುವೆ ಹೊಸ ಹಾಡುಗಳನ್ನು ಇಟ್ಟ. ‘ನೀವು ಎರಡು ಬಣ ಕಟ್ಟಿಕೊಂಡು ಹೊಡೆದಾಡುವ ಎರಡು ಆಲ್ಬಂಗಳು ಒಂದೇ ಜಗಳದಲ್ಲಿ ಪಾಲಾದ ಮನೆಗಳು’ ಎಂದ ಬ್ಯಾಂಕಿನವನು. ಪಾಲುಪಟ್ಟಿಯ ಭಾಷೆ ಅವನಿಗೆ ಸಲೀಸು. ಎರಡು ತುದಿಗಳಲ್ಲಿ ಇರುವ ಪುಟ್ಟ ‘ಪಿಗ್ಸ್ ಆನ್ ದಿ ವಿಂಗ್’ ಅನ್ನು ನಾನು ಯಾವಾಗಲೂ ಓಡಿಸಿಬಿಡುತ್ತಿದ್ದೆ. ಎಂಟು ಟ್ರ್ಯಾಕಿನ ಟೇಪಿನಲ್ಲಿ ಅದರ ಎರಡು ಭಾಗಗಳನ್ನು ಸ್ನೋಯಿ ವೈಟ್‌ನ ಗಿಟಾರಿನಿಂದ ಬೆಸೆದಿದ್ದರು ಎಂದು ಅವನು ಹೇಳಿದ. ಕೊನೆಯಿಲ್ಲದೆ ಸುತ್ತುವ ಟೇಪಿನಲ್ಲಿ ಕೊನೆಯೇ ಮೊದಲಾಗುತ್ತದಲ್ಲ. ಅಂದರೆ ಅಮೆರಿಕದ ಯಾವುದೋ ಕಾರಿನಲ್ಲಿ ನನ್ನ ಹಾಗೆಯೇ ಒಬ್ಬ, ನಾನು ಕೇಳದ ಗಿಟಾರನ್ನು ಕೇಳುತ್ತ, ಬೇರೆಯದೇ ‘ಆನಿಮಲ್ಸ್’ಗಾಗಿ ಜಗಳವಾಡುತ್ತಿದ್ದ.

‘ಮೋರ್’, ‘ಅಬ್‌ಸ್ಕ್ಯೂರ್ಡ್ ಬೈ ಕ್ಲೌಡ್ಸ್’, 1987ರದು, 1994ರದು ಎಲ್ಲ ಬಂದು ಹೋದವು. ಹೆಚ್ಚು ಹೇಳುವಂಥದ್ದೇನೂ ಆಗಲಿಲ್ಲ. ‘ಆಟಂ ಹಾರ್ಟ್ ಮದರ್’ನ ಹೊದಿಕೆಯ ಹಸುವಿನ ಮೇಲೆ ಮಾತ್ರ, ಅದರಲ್ಲಿ ತಂಡದ ಹೆಸರೂ ಇಲ್ಲವಲ್ಲ ಎಂದು, ಒಂದು ಗಂಟೆ ಕಳೆದೆವು.

ಕಿರಿಯಳ ಪಾಲಿಗೆ ಕೊನೆಗೆ ಉಳಿದ ಚೀಟಿ ‘ಮೆಡಲ್’. ಅವಳು ಒಂದು ವಾರ ಮೊದಲು ನನ್ನ ಮನೆಗೆ ಬಂದು, ಆ ಹಳೆಯ ಕ್ಯಾಸೆಟ್ಟು ಇನ್ನೂ ಇದೆಯೇ ಎಂದು ಕೇಳಿದಳು. ಇತ್ತು. ಸಡಿಲಾದ ಟೇಪನ್ನು ಪೆನ್ಸಿಲ್ಲಿನಿಂದ ಸುತ್ತಿ ಬಿಗಿ ಮಾಡಿ ಕೊಟ್ಟೆ, ಪ್ಲೇಯರನ್ನೂ ಕೊಟ್ಟೆ. ಶನಿವಾರ ಅವಳು ಎಲ್‌ಪಿಯನ್ನು ಮುಟ್ಟಲಿಲ್ಲ. ನಿಯಮ ಮುರಿದು ನನ್ನ ಕ್ಯಾಸೆಟ್ಟನ್ನೇ ಹಾಕಿದಳು. ‘ಎಕೋಸ್’ ತೇಲಿ, ಮುಳುಗಿ, ಎದ್ದು, ವಾದ್ಯಗಳು ಹಿಂದೆ ಸರಿದು, ಟಕ್. ಗುಂಡಿ ಮೇಲೆದ್ದಿತು. ಬೀದಿಯಲ್ಲಿ ಯಾರದೋ ಸ್ಕೂಟರ್ ಹೋಯಿತು.

‘ಮುಕ್ತಾಯ ಇದೇ ಸರಿ’ ಎಂದು ಅವಳು ಅರ್ಥ ಶುರು ಮಾಡಿದಳು. ಆಮೇಲಿನ ಆ ಏರುವ ದನಿ, ಎಲ್ಲವನ್ನೂ ಹೇಳಿಯಾದ ಮೇಲೂ ಬಾಗಿಲಲ್ಲಿ ನಿಂತು ಹೋಗಿ ಬರುತ್ತೇನೆ ಎನ್ನುವ ನೆಂಟನ ಹಾಗೆ ಎಂದಳು. ನನಗೆ ಮೈ ಉರಿದುಹೋಯಿತು. ಎದುರು ಮಾತಿಗೆ ನನ್ನ ಸರದಿ ಅಲ್ಲದಿದ್ದರೂ ಎದ್ದು ನಿಂತೆ.