ಯುದ್ಧಭೂಮಿಯಲ್ಲಿದ್ದ ಸೈನಿಕನ ಕ್ರಿಸ್‌ಮಸ್ ದಿನವನ್ನು ದಾಖಲೆಗಳಿಂದ ತಿಳಿಯುವ ಬಗೆ

ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರು ಕ್ರಿಸ್‌ಮಸ್ ಹೇಗೆ ಕಳೆದರು ಎಂದು ಕೇಳಿದರೆ ಹೆಚ್ಚಿನವರು ಒಂದೇ ಕಥೆ ಹೇಳುತ್ತಾರೆ: 1914ರ ಡಿಸೆಂಬರಿನಲ್ಲಿ ಬ್ರಿಟಿಷರೂ ಜರ್ಮನರೂ ಕಂದಕಗಳಿಂದ ಹೊರಬಂದು ಕೈಕುಲುಕಿದರು, ಹಾಡಿದರು, ಚೆಂಡಾಡಿದರು. ಕಥೆ ಸುಳ್ಳಲ್ಲ. ಆದರೆ ಅದು ನಡೆದದ್ದು ಹೆಚ್ಚಾಗಿ ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದಿಂದ ದಕ್ಷಿಣಕ್ಕೆ ಬ್ರಿಟಿಷ್ ಸೇನೆ ಹಿಡಿದಿದ್ದ ಸಾಲಿನ ಕೆಲವು ಭಾಗಗಳಲ್ಲಿ ಮಾತ್ರ. ನಿಮ್ಮ ಮನೆತನದ ಹಿರಿಯರೊಬ್ಬರೋ ಸ್ಮಾರಕದ ಮೇಲೆ ಹೆಸರು ಕಂಡ ಸೈನಿಕನೊಬ್ಬನೋ ಆ ದಿನ ಎಲ್ಲಿದ್ದ, ಏನು ಮಾಡುತ್ತಿದ್ದ ಎಂಬುದು ತಿಳಿಯಬೇಕಾದರೆ ಈ ಕಥೆಯನ್ನು ಬದಿಗಿಟ್ಟೇ ಕೆಲಸ ಆರಂಭಿಸಬೇಕು.

ಮೊದಲು ಬೇಕಾದದ್ದು ತುಕಡಿಯ ಹೆಸರು, ಅದೂ ಬೆಟಾಲಿಯನ್ನಿನ ಮಟ್ಟದವರೆಗೆ. ರೆಜಿಮೆಂಟಿನ ಹೆಸರೊಂದೇ ಸಿಕ್ಕರೆ ಸಾಲದು, ಏಕೆಂದರೆ ಒಂದೇ ರೆಜಿಮೆಂಟಿನ ಎರಡು ಬೆಟಾಲಿಯನ್‌ಗಳು ಒಂದೇ ದಿನ ಬೇರೆ ಬೇರೆ ಕಡೆ ಇರಬಹುದು. ಮನೆಯಲ್ಲಿ ಹಳೆಯ ಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಆ ಯುದ್ಧದ ದುಂಡನೆಯ ಬ್ರಿಟಿಷ್ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು ಮತ್ತು ತುಕಡಿಯನ್ನು ಅಚ್ಚೊತ್ತುವ ಪದ್ಧತಿಯಿತ್ತು. ಬ್ರಿಟಿಷ್ ಸೈನಿಕರ ಸೇವಾಕಡತಗಳ ದೊಡ್ಡ ಪಾಲು 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿರುವುದರಿಂದ, ಕಡತ ಸಿಗದಿದ್ದರೆ ನಿರಾಶರಾಗದೆ ಪದಕ, ಪತ್ರ ಮತ್ತು ಸಮಾಧಿಯ ದಾಖಲೆಗಳ ಕಡೆಗೆ ತಿರುಗಬೇಕು.

ತುಕಡಿ ಗೊತ್ತಾದ ಮೇಲೆ ವರ್ಷವನ್ನೂ ಸ್ಥಳವನ್ನೂ ಹೊಂದಿಸಿ ನೋಡಬೇಕು. ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಎಷ್ಟೋ ಕಥೆಗಳು ಈ ಹಂತದಲ್ಲೇ ಬಿದ್ದುಹೋಗುತ್ತವೆ. ಟರ್ಕಿಯ ಗ್ಯಾಲಿಪೊಲಿ ಪರ್ಯಾಯದ್ವೀಪದ ಅನ್ಜಾಕ್ ಮತ್ತು ಸುವ್ಲಾ ನೆಲೆಗಳನ್ನು 1915ರ ಡಿಸೆಂಬರ್ 20ರ ಬೆಳಗಿನೊಳಗೆ ತೆರವು ಮಾಡಲಾಗಿತ್ತು. ಆದ್ದರಿಂದ ಆ ವರ್ಷ ಗ್ಯಾಲಿಪೊಲಿಯಲ್ಲಿ ಕ್ರಿಸ್‌ಮಸ್ ಕಳೆದವನು ದಕ್ಷಿಣ ತುದಿಯ ಹೆಲ್ಲೆಸ್‌ನಲ್ಲೇ ಇದ್ದಿರಬೇಕು. ಮೈಸೂರು ಲ್ಯಾನ್ಸರ್ಸ್ ಅಶ್ವದಳದವರ ಮನೆಗಳಲ್ಲಿ ಫ್ರಾನ್ಸಿನ ಕಂದಕಗಳ ಕಥೆ ಕೇಳಿಬಂದರೆ ಅದನ್ನೂ ಅನುಮಾನದಿಂದಲೇ ನೋಡಬೇಕು. 1914ರ ಡಿಸೆಂಬರಿನಲ್ಲಿ ಆ ದಳ ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯ ಕಾವಲಿಗಿತ್ತು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾದಲ್ಲಿ ಹೋರಾಡಿದ್ದೂ ಅದೇ ದಳ. ಪ್ಯಾಲೆಸ್ಟೈನಿನಲ್ಲಿದ್ದವರ 1917ರ ಕ್ರಿಸ್‌ಮಸ್ ಎಂದರೆ ಜೆರುಸಲೇಮ್ ಕೈವಶವಾದ ಎರಡು ವಾರಗಳ ನಂತರದ ಮಾತು: ಸುರಿಯುವ ಮಳೆ, ಕೆಸರಿನಲ್ಲಿ ಜಾರಿಬೀಳುವ ಒಂಟೆಗಳು, ಸಮಯಕ್ಕೆ ತಲುಪದ ಪಡಿತರ.

ಇನ್ನು ಮುಖ್ಯವಾದ ಕಡತಕ್ಕೆ ಬರೋಣ. ಪ್ರತಿಯೊಂದು ಬೆಟಾಲಿಯನ್ನೂ ರಣರಂಗದಲ್ಲಿ ವಾರ್ ಡೈರಿಯೊಂದನ್ನು, ಅಂದರೆ ತುಕಡಿಯ ದಿನದಿನದ ದಾಖಲೆಯನ್ನು, ಬರೆಯಬೇಕಿತ್ತು. ಇವು ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ 95 (WO 95) ಎಂಬ ಶ್ರೇಣಿಯಲ್ಲಿವೆ. ಫ್ರಾನ್ಸಿನಲ್ಲಿದ್ದ ಭಾರತೀಯ ತುಕಡಿಗಳ ಡೈರಿಗಳೂ ಅಲ್ಲಿವೆ, ಅನೇಕವು ಡಿಜಿಟಲ್ ರೂಪದಲ್ಲೂ ಸಿಗುತ್ತವೆ. ಪುಟ ತೆರೆದರೆ ಅಚ್ಚಾದ ನಮೂನೆ ಕಾಣುತ್ತದೆ: ಎಡಗಡೆ ಸ್ಥಳ, ದಿನಾಂಕ, ವೇಳೆ, ನಡುವೆ ಅಗಲವಾದ ಅಂಕಣದಲ್ಲಿ ಘಟನೆಗಳ ಸಾರಾಂಶ, ಬಲಗಡೆ ಷರಾ. ಬರವಣಿಗೆ ಬಹಳ ಕಡೆ ಪೆನ್ಸಿಲಿನದು, ಸಂಕ್ಷೇಪಾಕ್ಷರಗಳು ವಿಪರೀತ. ಡಿಸೆಂಬರ್ 25ರ ನಮೂದೊಂದನ್ನೇ ಓದಿ ಮುಚ್ಚಿಡುವುದು ಸರಿಯಲ್ಲ. ಅದು ಒಂದೇ ಸಾಲಿನದಾಗಿರಬಹುದು, ಮತ್ತು ಆ ಸಾಲಿನ ಅರ್ಥವಿರುವುದು ಹಿಂದಿನ ಪುಟಗಳಲ್ಲಿ. ಫ್ರಾನ್ಸಿನಲ್ಲಿ ಹೋರಾಡಿದ ಭಾರತೀಯ ಕೋರ್ ಎಂಬ ದೊಡ್ಡ ಸೇನಾವಿಭಾಗದ ತುಕಡಿಗಳನ್ನೇ ನೋಡಿ. 1914ರ ಡಿಸೆಂಬರ್ 18ರಿಂದ 22ರವರೆಗೆ ಫ್ರಾನ್ಸಿನ ಝಿವೆನ್ಶಿ ಹಳ್ಳಿಯ ಸುತ್ತ ಭಾರೀ ನಷ್ಟ ಅನುಭವಿಸಿ, ಬಹುಪಾಲು ತುಕಡಿಗಳು ಕ್ರಿಸ್‌ಮಸ್ ಹೊತ್ತಿಗೆ ವಿಶ್ರಾಂತಿಗೆಂದು ಹಿಂದೆ ಸರಿದಿದ್ದವು. ಹಾಗಾಗಿ ಅವರ ಕ್ರಿಸ್‌ಮಸ್ ಎಂದರೆ ಬಹುತೇಕ ನಿದ್ರೆ, ಒಣಬಟ್ಟೆ ಮತ್ತು ಹಾಜರಿ ಲೆಕ್ಕ. ಆದರೂ ಸಾಲಿನಲ್ಲಿ ಉಳಿದಿದ್ದ 39ನೇ ಗಢವಾಲ್ ರೈಫಲ್ಸ್‌ನವರು ಆ ದಿನ ಎದುರಿನ ಜರ್ಮನರನ್ನು ಕಂದಕಗಳ ನಡುವಿನ ಬಯಲಲ್ಲಿ ಭೇಟಿಯಾದರು. ಇಂಥ ಅಪವಾದ ಸಿಗುವುದು ಡೈರಿ ಓದಿದವರಿಗೆ ಮಾತ್ರ.

ಡೈರಿಯ ಮೌನವನ್ನೂ ತೂಗಿನೋಡಬೇಕು. ಬ್ರಿಟಿಷ್ ಸೇನೆಯ ಎರಡನೆಯ ಕೋರ್‌ನ ಸೇನಾಧಿಪತಿ ಸ್ಮಿತ್-ಡೋರಿಯನ್ ಶತ್ರುವಿನೊಡನೆ ಸ್ನೇಹವ್ಯವಹಾರ ಕೂಡದೆಂದು 1914ರ ಡಿಸೆಂಬರ್ ಆರಂಭದಲ್ಲೇ ಆದೇಶಿಸಿದ್ದರು. ಮೇಲಧಿಕಾರಿಗಳು ಓದುವ ಕಡತದಲ್ಲಿ ತನ್ನವರು ಜರ್ಮನರಿಗೆ ಸಿಗರೇಟು ಕೊಟ್ಟರೆಂದು ಬರೆಯಲು ಯಾವ ಅಧಿಕಾರಿಗೂ ಉತ್ಸಾಹವಿರಲಿಕ್ಕಿಲ್ಲ. ಚೆಂಡಾಟದ ವಿಷಯದಲ್ಲಂತೂ ಎಚ್ಚರಿಕೆ ಅಗತ್ಯ. ಪಕ್ಕದ ತುಕಡಿಯವರು ಆಡಿದರಂತೆ ಎಂಬ ಮಾತುಗಳೇ ಹೆಚ್ಚು, ತಾನೇ ಆಡಿದೆ ಎಂದು ಆಗಲೇ ಬರೆದಿಟ್ಟವರು ವಿರಳ.

ಉಡುಗೊರೆಯ ಡಬ್ಬಿ ಕೈಗೆ ಸಿಕ್ಕಿದರೆ ಅದೂ ಸಾಕ್ಷಿಯೇ. ಬ್ರಿಟನ್ನಿನ ರಾಜಕುಮಾರಿ ಮೇರಿಯ ಹೆಸರಿನ ನಿಧಿಯಿಂದ 1914ರ ಕ್ರಿಸ್‌ಮಸ್ಸಿಗೆಂದು ಹಿತ್ತಾಳೆಯ ಡಬ್ಬಿಗಳು ಹಂಚಿಕೆಯಾದವು. ಸುಮಾರು ಐದು ಅಂಗುಲ ಉದ್ದದ ಅದರ ಮುಚ್ಚಳದ ಮೇಲೆ ರಾಜಕುಮಾರಿಯ ಮುಖವೂ ಸುತ್ತ ಮಿತ್ರರಾಷ್ಟ್ರಗಳ ಹೆಸರುಗಳೂ ಇವೆ. ಒಳಗಿದ್ದದ್ದು ಎಲ್ಲರಿಗೂ ಒಂದೇ ಅಲ್ಲ. ಹೊಗೆಸೊಪ್ಪು ಸೇದುವವರಿಗೆ ಪೈಪು, ತಂಬಾಕು, ಸಿಗರೇಟು. ಸೇದದವರಿಗೆ ಹುಳಿಮಿಠಾಯಿಯೂ ಬರೆಯುವ ಸಾಮಗ್ರಿಯೂ. ಗೂರ್ಖಾಗಳಿಗೆ ಬ್ರಿಟಿಷರಂತೆಯೇ ಸಿಕ್ಕಿತು. ಸಿಖ್ಖರಿಗೆ ತಂಬಾಕಿಲ್ಲದೆ ಕಲ್ಲುಸಕ್ಕರೆ ಮತ್ತು ಮಸಾಲೆಯ ಡಬ್ಬಿ, ಇತರ ಭಾರತೀಯ ಸೈನಿಕರಿಗೆ ಸಿಗರೇಟಿನ ಜೊತೆಗೆ ಕಲ್ಲುಸಕ್ಕರೆ ಮತ್ತು ಮಸಾಲೆ, ನೀರು ಹೊರುವ ಭಿಸ್ತಿಗಳಂಥ ಸೇವಕರಿಗೆ ಮಸಾಲೆಯ ಡಬ್ಬಿ ಮಾತ್ರ. ಯಾರ ನಾಲಿಗೆಗೆ ಏನು ಹಿತವೆಂದು ಯೋಚಿಸಿದವರೇ ಆಳಿನ ಅಂತಸ್ತಿಗೆ ತಕ್ಕಂತೆ ಅಳೆದೂ ಕೊಟ್ಟಿದ್ದಾರೆ. ಡಬ್ಬಿ ಮನೆಯಲ್ಲಿದೆ ಎಂದಮಾತ್ರಕ್ಕೆ ಅಜ್ಜ 1914ರಲ್ಲಿ ಫ್ರಾನ್ಸಿನಲ್ಲಿದ್ದರೆಂದು ತೀರ್ಮಾನಿಸಬಾರದು. ಹಂಚಿಕೆ ವರ್ಷಗಟ್ಟಲೆ ನಡೆದು ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಡಬ್ಬಿಗಳು ಹೋದವು. ಒಳಗೆ ಉಳಿದಿರುವ ಕಾರ್ಡು ಕ್ರಿಸ್‌ಮಸ್ಸಿನ ಶುಭಾಶಯ ಹೇಳುತ್ತದೋ ಬರೀ ಹೊಸ ವರ್ಷದ್ದೋ ಎಂದು ನೋಡಿದರೆ ಕಾಲದ ಸುಳಿವು ಸಿಗುತ್ತದೆ.

ಪತ್ರಗಳನ್ನು ಕೊನೆಗೆ ಓದುವುದು ಒಳ್ಳೆಯದು. ಊರು, ತುಕಡಿ ಬರೆಯಲು ಅನುಮತಿ ಇರದಿದ್ದ ಕಾರಣ, ಡೈರಿ ಓದಿ ಸಿದ್ಧರಾದವರಿಗೆ ಮಾತ್ರ ಅವು ಬಾಯಿಬಿಡುತ್ತವೆ. ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರ ಪತ್ರಗಳನ್ನು ಸೆನ್ಸಾರಿನವರು ಓದಿ ಅನುವಾದಿಸಿದ ಆಯ್ದ ಭಾಗಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಕಡತಗಳಲ್ಲಿವೆ. ಯಾರೋ ಓದುತ್ತಾರೆಂದು ತಿಳಿದೇ ಬರೆದವರು ಆ ಸೈನಿಕರು, ಆದ್ದರಿಂದ ಮರೆಮಾತುಗಳನ್ನೂ ಬಳಸಿದರು. ಕರಿಮೆಣಸು ಮುಗಿಯುತ್ತಿದೆ ಎಂದರೆ ಭಾರತೀಯ ಸೈನಿಕರು ಸಾಯುತ್ತಿದ್ದಾರೆ ಎಂದು ಅರ್ಥವಿರಬಹುದು.

ಆ ದಿನ ಸತ್ತವರ ವಿಷಯದಲ್ಲಿ ಒಂದು ಎಚ್ಚರ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ದಿನಾಂಕದಿಂದಲೂ ತುಕಡಿಯಿಂದಲೂ ಹುಡುಕಬಹುದು. ಗುರುತಿನ ಸಮಾಧಿಯಿಲ್ಲದ ಭಾರತೀಯರ ಹೆಸರುಗಳು ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕದ ಮೇಲಿವೆ. ಸಾವಿನ ದಿನಾಂಕ ಡಿಸೆಂಬರ್ 25 ಎಂದಿದ್ದರೆ ಅವನಿಗೆ ಅಂದೇ ಗುಂಡು ತಗುಲಿತೆಂದು ಬರೆಯಬೇಡಿ. ವಾರದ ಹಿಂದಿನ ಗಾಯದಿಂದ ಆಸ್ಪತ್ರೆಯಲ್ಲಿ ತೀರಿಕೊಂಡವನಾಗಿರಬಹುದು. ಗುಂಡಿನ ಸದ್ದು ನಿಂತಾಗ ಬಯಲಿನಿಂದ ತಂದು ಹೂಳಿದ ದೇಹಗಳಲ್ಲಿ ಅನೇಕವು ಹಿಂದಿನ ಕಾಳಗಗಳವು, ಆದ್ದರಿಂದ ಹೂಳಿದ ದಿನವನ್ನೂ ಸತ್ತ ದಿನವನ್ನೂ ಬೇರೆ ಬೇರೆಯಾಗಿಯೇ ಗುರುತಿಸಿಡಿ.